ಬುಧವಾರದ ಬಿಳಿ ಚೀಟಿ

ಆಸ್ಟೋರಿಯಾ, ಕ್ವೀನ್ಸ್
9 ಮಾರ್ಚ್ 1996

ಪ್ರೀತಿಯ ಡೆಸ್ಪಿನಾಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಹುಟ್ಟುಹಬ್ಬಕ್ಕೆ ಬರೆಯಬೇಕಿದ್ದ ಕಾಗದವಿದು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಈ ಚಳಿಗಾಲ ಹಿಮ ಬಿದ್ದದ್ದು ಬಿದ್ದಂತೆಯೇ ಇತ್ತು. ಎಡ ಮಂಡಿ ಮತ್ತೆ ಊದಿಕೊಂಡು ಮೆಟ್ಟಿಲಿಳಿಯುವುದೇ ಕಷ್ಟವಾಗಿತ್ತು. ಫೋನ್ ಮಾಡಿದರೆ ನಿನ್ನ ಬದಲು ಸಂದೇಶ ಹಿಡಿದಿಡುವ ಯಂತ್ರ ಮಾತಾಡುತ್ತದೆ. ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಸವೆದವನಿಗೆ ಅದರೊಂದಿಗೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಕಾಗದವೇ ಸರಿ.

ಅಮ್ಮ ಚೆನ್ನಾಗಿದ್ದಾಳೆ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗಿದೆ. ಮನೆಯಲ್ಲಿ ದಿನವೂ ಕಾಳಿನ ಸೂಪು, ಆಲಿವ್, ಬ್ರೆಡ್ಡು. ನಾನು ಬುಧವಾರ ಮಧ್ಯಾಹ್ನದ ನಾಟಕಕ್ಕೆ ಹೊರಟಾಗೆಲ್ಲ ಅವಳ ಮಾತು ಒಂದೇ: "ಅಂಗಡಿಗೆ ಹೋಗಿ ಬನ್ನಿ ಅಂದ್ರೆ ಮಂಡಿ ನೋವು. ಬುಧವಾರ ಬಂತು ಅಂದ್ರೆ ಕುದುರೆ."

ಕುದುರೆಗೂ ವಯಸ್ಸಾಗಿದೆ ಎಂದು ಅವಳಿಗೆ ಹೇಳಿಲ್ಲ. ನಿನಗೆ ಹೇಳುತ್ತೇನೆ. ಬಾಲ್ಕನಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಚಿತ್ರಗಳನ್ನು ನೋಡುವವನಂತೆ ನಟಿಸುತ್ತೇನೆ. ಜನವರಿಯಲ್ಲಿ ಒಂದು ಹೊಸ ನಾಟಕದ ಮಧ್ಯೆ ನಿದ್ದೆ ಹೋಗಿಬಿಟ್ಟೆ. ನಲವತ್ತು ವರ್ಷದಲ್ಲಿ ಹಾಗಾಗಿದ್ದು ಇದೇ ಮೊದಲು. ಈಗೀಗ ರಂಗದ ಮೇಲೆ ಮನೆಗಳೇ ನೆಲದಿಂದ ಎದ್ದು ಬರುತ್ತವೆ. ಜನ ಮನೆಗೆ ಚಪ್ಪಾಳೆ ತಟ್ಟುತ್ತಾರೆ. ಅದರೊಳಗಿಂದ ಬರುವ ನಟನಿಗೆ ಚಪ್ಪಾಳೆ ಉಳಿದಿರುವುದಿಲ್ಲ.

ಇರಲಿ. ಕಳೆದ ಬುಧವಾರದ ವಿಷಯ ಹೇಳಬೇಕು.

ಟೈಮ್ಸ್ ಚೌಕದ ಅರ್ಧ ಬೆಲೆ ಟಿಕೆಟ್ಟಿನ ಸಾಲಿನಲ್ಲಿ ಎಂದಿನಂತೆ ಮೈರ್ನಾ ಸಿಕ್ಕರು. ಬ್ರಾಂಕ್ಸಿನವರು, ನಿವೃತ್ತ ಶಿಕ್ಷಕಿ, ನಮ್ಮ ಪರಿಚಯವೆಲ್ಲ ಆ ಸಾಲಿನದೇ. ಫಲಕದಲ್ಲಿ ಆ ಮಧ್ಯಾಹ್ನಕ್ಕೆ ನಿಮ್ಮ ನಾಟಕದ ಹೆಸರಿತ್ತು. ಶುರುವಾದಾಗಿನಿಂದ ಒಮ್ಮೆಯೂ ಅಲ್ಲಿಗೆ ಬಾರದ ನಾಟಕ. ಮೈರ್ನಾ ಕನ್ನಡಕ ಏರಿಸಿ ನೋಡಿ, "ಇದು ಅರ್ಧ ಬೆಲೆಗೆ ಬಂದಿದೆ ಅಂದ್ರೆ ಒಳಗಡೆ ದೊಡ್ಡವರು ಯಾರಿಗೋ ಜ್ವರ ಬಂದಿದೆ, ಲಿಯೋ. ನನ್ನ ಮಾತು ಕೇಳಿ, ಬೇರೆ ನೋಡೋಣ" ಎಂದರು.

ನಾನು ಕೇಳಲಿಲ್ಲ. ಎರಡು ವರ್ಷದಿಂದ ನೀನು ಅಲ್ಲಿ ಬಟ್ಟೆ ಒಗೆಯುವವಳಾಗಿ ಎರಡು ಮಾತು ಆಡುತ್ತೀಯ, ದೊಡ್ಡ ನಟಿ ಬಾರದ ದಿನ ವಿಧವೆಯ ಪಾತ್ರ ಕಟ್ಟಬೇಕಾದವಳೂ ನೀನೇ. ಆದರೆ ಆಕೆಗೆ ಒಂದು ದಿನ ನೆಗಡಿಯಾದದ್ದೂ ಇಲ್ಲ. ಹೆತ್ತವನು ಇನ್ನೊಬ್ಬರ ಆರೋಗ್ಯದ ಮೇಲೆ ಕಣ್ಣಿಟ್ಟು ಕೂರುವುದು ಒಳ್ಳೆಯದಲ್ಲ, ಆದರೂ ಕೂತಿದ್ದೆ. "ಎಷ್ಟೇ ತಡವಾಗಿ ಗೊತ್ತಾದರೂ ಮನೆಗೊಂದು ಫೋನ್ ಮಾಡು, ಅರ್ಧ ಗಂಟೆಯಲ್ಲಿ ಬರುತ್ತೇನೆ" ಎಂದು ನಿನಗೆ ಹೇಳಿದ್ದೆ. ಬೀದಿಯ ಫೋನಿನಿಂದ ಮನೆಗೆ ಮಾಡಿ ಕೇಳಿದೆ. "ಯಾರೂ ಮಾಡಿಲ್ಲ. ಯಾಕೆ, ಏನಾಯ್ತು?" ಎಂದಳು ಅಮ್ಮ. ಏನಿಲ್ಲ ಎಂದು ಇಟ್ಟೆ.

ಥಿಯೇಟರಿನ ಒಳಗೆ ಹೋಗುವಷ್ಟರಲ್ಲಿ ಗಲಾಟೆ ಶುರುವಾಗಿತ್ತು. ನಟಿ ಇಲ್ಲವೆಂದು ಬಾಗಿಲಲ್ಲೇ ಫಲಕ ಹಾಕಿದ್ದರು. ಹಣ ವಾಪಸು ಕೊಡುವ ಕಿಟಕಿಗೆ ಜನ ಸಾಲು ಕಟ್ಟಿದ್ದರು. ಓಹಾಯೋದಿಂದ ಬಂದ ಹೆಂಗಸೊಬ್ಬಳು ಅಳುವುದೊಂದು ಬಾಕಿ. ಮೈರ್ನಾ ನನ್ನ ತೋಳು ಹಿಡಿದು, "ಸಾಲು ಬೆಳೆಯೋಕ್ ಮುಂಚೆ ಬನ್ನಿ. ಪಕ್ಕದ ಬೀದೀಲಿ ಏನಾದ್ರೂ ಸಿಗತ್ತೆ" ಎಂದರು. ಅದು ನಮ್ಮಂಥವರ ಪದ್ಧತಿಯೇ. ನಾಟಕದ ಪುಸ್ತಿಕೆಯಿಂದ ನಟರ ಬದಲಾವಣೆಯ ಬಿಳಿ ಚೀಟಿ ಉದುರಿದರೆ ಅದರಲ್ಲಿ ಯಾರಿಲ್ಲ ಎಂದಷ್ಟೇ ಓದುತ್ತೇವೆ, ಯಾರು ಬರುತ್ತಾರೆ ಎಂದು ಓದುವುದಿಲ್ಲ.

ನಾನು ಚೀಟಿಯನ್ನು ಕೊನೆಯವರೆಗೂ ಓದಿ ಅವರ ಕೈಗೆ ಕೊಟ್ಟೆ. "ಇವಳು ನನ್ನ ಮಗಳು" ಎಂದೆ.

ಮೈರ್ನಾ ಚೀಟಿಯನ್ನೂ ನನ್ನನ್ನೂ ನೋಡಿದರು. "ಮಗಳಾ? ಮತ್ತೆ ನೀವ್ಯಾಕ್ರೀ ನನ್ ಜೊತೆ ಗಾಳೀಲಿ ಅರ್ಧ ಬೆಲೆ ಟಿಕೆಟ್‌ಗೆ ನಿಂತಿದ್ರಿ?"

ಕೊನೆ ಗಳಿಗೆಯಲ್ಲಿ ಗೊತ್ತಾಗಿರಬೇಕು, ಫೋನ್ ಮಾಡಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದೆ. ಅವರು ಮತ್ತೆ ಕಿಟಕಿಯ ಕಡೆ ನೋಡಲಿಲ್ಲ. "ಹಾಗಾದ್ರೆ ನಡೀರಿ, ಕೂತ್ಕೊಳ್ಳೋಣ" ಎಂದರು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮುಕ್ಕಾಲು ಭಾಗ ತುಂಬಿತ್ತು. ನೀನು ಮೊದಲು ಬಂದಾಗ ಚಪ್ಪಾಳೆ ಇರಲಿಲ್ಲ. ಮೊದಲ ಹಾಡಿನ ಶುರುವಿನಲ್ಲಿ ನಿನ್ನ ದನಿ ಸ್ವಲ್ಪ ನಡುಗಿ, ಆಮೇಲೆ ಸರಿಹೋಯಿತು. ಜನ ಕೆಮ್ಮುತ್ತಿದ್ದರು, ಕೋಟು ಸರಿಪಡಿಸಿಕೊಳ್ಳುತ್ತಿದ್ದರು. ಮೊದಲ ಅಂಕದ ಕೊನೆಯಲ್ಲಿ ವಿಧವೆ ಊಟದ ಮೇಜಿಗೆ ಅಭ್ಯಾಸಬಲದಿಂದ ಗಂಡನ ತಟ್ಟೆಯನ್ನೂ ಇಟ್ಟು, ಆಮೇಲೆ ತೆಗೆಯುತ್ತಾಳಲ್ಲ, ಅಲ್ಲಿ ಕೆಮ್ಮು ನಿಂತಿತು. ಆ ದೊಡ್ಡ ನಟಿ ಆ ತಟ್ಟೆಯನ್ನು ಎದೆಗೆ ಅವುಚಿಕೊಳ್ಳುತ್ತಿದ್ದರು. ನೀನು ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಬಟ್ಟೆಯಿಂದ ಅದನ್ನು ಒರೆಸಿ ಒಳಗಿಟ್ಟೆ, ಅಷ್ಟೆ. ನಮ್ಮ ಹಿಂದೆ ಕೂತಿದ್ದ ಗಂಡಸು ವಿರಾಮದಲ್ಲಿ ಹೆಂಡತಿಗೆ ಹೇಳಿದ್ದು ಕೇಳಿಸಿತು: "ದುಡ್ಡು ವಾಪಸ್ ತಗೊಂಡು ಹೋಗಿದ್ರೆ ಪೆದ್ದರಾಗ್ತಿದ್ವಿ ನೋಡು."

ಎರಡನೇ ಅಂಕದಲ್ಲಿ ಒಂದೇ ಒಂದು ಕಡೆ... ಬೇಡ, ಬಿಡು. ಕಳೆದ ವರ್ಷ ಅಡುಗೆಮನೆಯಲ್ಲಿ ನಿಂತು ನೀನು ಹೇಳಿದ್ದು ನೆನಪಿದೆ: "ಅಪ್ಪಾ, ನೀನು ನಾಟಕ ನೋಡೋಕೆ ಬರ್ತೀಯ, ನನ್ನ ನೋಡೋಕಲ್ಲ. ಮನೆಗೆ ಬಂದ್ರೂ ನಂಗೆ ಪರೀಕ್ಷೆ ಮುಗಿಯಲ್ಲ." ಈ ಸಲ ತಪ್ಪು ಹುಡುಕಲು ನನಗೆ ಶಕ್ತಿಯೂ ಇರಲಿಲ್ಲ. ಕೊನೆಯಲ್ಲಿ ಎಲ್ಲರೂ ಎದ್ದು ನಿಂತರು. ನನ್ನ ಮಂಡಿ ಸಹಕರಿಸಲಿಲ್ಲ. ಮೈರ್ನಾ ಎಬ್ಬಿಸಿದರು.

ಮುಗಿದ ಮೇಲೆ ಕಲಾವಿದರು ಹೊರಬರುವ ಬಾಗಿಲಿಗೂ ಬಂದಿದ್ದೆ. ಜನ ಸೇರಿದ್ದರು, ಮುಂದಕ್ಕೆ ಬರಲಿಲ್ಲ.

ಈಗ ಕೇಳಬೇಕಾದದ್ದು ಇಷ್ಟು. ಇಪ್ಪತ್ತನಾಲ್ಕಕ್ಕೆ ನಾಟಕ ನಿಲ್ಲುತ್ತದೆ ಎಂದು ಪತ್ರಿಕೆಯಲ್ಲಿ ಬಂದಿದೆ. ದೊಡ್ಡ ನಟಿ ಸಿನಿಮಾ ಕೆಲಸಕ್ಕೆ ಮೊದಲೇ ಹೊರಡುತ್ತಾರಂತೆ, ಕೊನೆಯ ವಾರ ಪೂರ್ತಿ ನಿನ್ನದೇ. ಅಮ್ಮನನ್ನು ಕರೆದುಕೊಂಡು ಒಂದು ದಿನ ಬರಲೇ? ಅವಳು ನೀಲಿ ಉಡುಪು ತೆಗೆದು ಇಸ್ತ್ರಿ ಮಾಡಿಟ್ಟಿದ್ದಾಳೆ. ಇನ್ನೊಂದು ನಾಟಕದಲ್ಲಿ ನಿನಗೆ ಇಂಥ ಪಾತ್ರ ಸಿಗುವಷ್ಟರಲ್ಲಿ ನಾನು ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರುತ್ತೇನೋ ಇಲ್ಲವೋ. ಟಿಕೆಟ್ಟಿಗೆ ನೀನು ಯಾರನ್ನೂ ಕೇಳುವುದು ಬೇಡ, ನಾವೇ ಕೊಳ್ಳುತ್ತೇವೆ. ನಾವು ಅಲ್ಲಿದ್ದೇವೆಂದು ನಿನಗೆ ಗೊತ್ತಿರಬೇಕು, ಅಷ್ಟೇ. ನೀನು ಬೇಡವೆಂದರೆ ಅಮ್ಮನೊಬ್ಬಳನ್ನೇ ಕಳಿಸುತ್ತೇನೆ. ಹೌದು ಅಥವಾ ಇಲ್ಲ ಎಂದು ಒಂದು ಕಾರ್ಡು ಹಾಕು. ಅಮ್ಮನಿಗೆ ಫೋನ್ ಮಾಡಿ ಹೇಳಿದರೂ ಆದೀತು.

ಬೆಚ್ಚಗಿರು. ಪ್ರದರ್ಶನದ ದಿನಗಳಲ್ಲಿ ಊಟ ಬಿಡಬೇಡ. ನಿನ್ನ ಗಂಟಲನ್ನು ದೇವರು ಕಾಯಲಿ, ನೀನು ನಿಂತ ಕಡೆ ಬೆಳಕು ಬೀಳಲಿ.

ನಿನ್ನ ಅಪ್ಪ,
ಲಿಯೋನಿಡಾಸ್

ತಾ.ಕ.: ಬಾಗಿಲಲ್ಲಿ ಹಸಿರು ಟೋಪಿ ಹಾಕಿಕೊಂಡು ನಿನ್ನಿಂದ ಸಹಿ ಪಡೆದ ಹೆಂಗಸೇ ಮೈರ್ನಾ. ಅವರ ಹಿಂದೆ ಎತ್ತರದ ಮನುಷ್ಯನೊಬ್ಬನ ಮರೆಯಲ್ಲಿ ನಾನಿದ್ದೆ. ಮಾತಾಡಿಸಿ, ಆಮೇಲೆ ನನ್ನನ್ನು ಮುಂದಕ್ಕೆಳೆದು ನಿನ್ನನ್ನು ಆಶ್ಚರ್ಯಪಡಿಸಬೇಕೆಂದು ಅವರ ಹಂಚಿಕೆ. ಅದಕ್ಕೇ ಕೇಳಿದರು, "ನಿಮ್ಮ ತಂದೆ ಇದನ್ನ ನೋಡ್ಬೇಕಿತ್ತು ಅಲ್ವಾ?" ಎಂದು. ನೀನು ತಲೆ ಬಗ್ಗಿಸಿ ಬರೆಯುತ್ತಲೇ, "ನಮ್ಮಪ್ಪನಿಗೆ ನಾಟಕ ಅಂದ್ರೆ ಅಷ್ಟಕ್ಕಷ್ಟೆ" ಎಂದು ನಕ್ಕೆ. ಮೈರ್ನಾ ಹಿಂದಕ್ಕೆ ತಿರುಗಿ ನನ್ನನ್ನು ಕರೆಯಲಿಲ್ಲ. ರೈಲು ಹತ್ತುವವರೆಗೂ ಚಳಿಯ ಬಗ್ಗೆಯೇ ಮಾತಾಡಿದರು. ಯಾಕೆ ಹಾಗೆಂದೆ ಎಂದು ನಾನು ಕೇಳುವುದಿಲ್ಲ. ಬಾಗಿಲಲ್ಲಿ ಜನ ನೂರೆಂಟು ಕೇಳುತ್ತಾರೆ, ಏನೋ ಒಂದು ಹೇಳಿ ಕಳಿಸಬೇಕಾಗುತ್ತದೆ. ಆದರೆ ಅದನ್ನು ಹೇಳುವಾಗ ನೀನು ಒಂದಿಷ್ಟೂ ತಡವರಿಸಲಿಲ್ಲ, ಮಗಳೇ. ಹೇಳಿ ಹೇಳಿ ರೂಢಿಯಾದ ಮಾತಿನ ಹಾಗಿತ್ತು.