ನಕ್ಷೆಗೆ ಇಟ್ಟ ಕುಂಕುಮ

ರೌಂಡ್ ರಾಕ್
19 ಅಕ್ಟೋಬರ್ 2025

ಪ್ರೀತಿಯ ತಂಗಿ ಕುಮುದಾಳಿಗೆ,

ಅಕ್ಕನ ಆಶೀರ್ವಾದ. ಹ್ಯೂಸ್ಟನ್ನಿನಿಂದ ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದಲ್ಲಿ ಆ ಕಾಟವಿಲ್ಲ.

ನೀನು ಗಿರಾಕಿ ಹುಡುಕಿಕೊಟ್ಟಿದ್ದ ನಕ್ಷೆ ಮಾರಾಟವಾಗಲಿಲ್ಲ. ಆಯುಧಪೂಜೆಯ ದಿನ ನಿನ್ನ ಭಾವ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮ ಇಟ್ಟವರು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ನಕ್ಷೆಗೂ ಒದ್ದೆ ಬೆರಳಿನಲ್ಲಿ ಇಟ್ಟುಬಿಟ್ಟರು. ಫ್ರಾನ್ಸಿನ ಓವೆರ್ನ್ ಸೀಮೆಯ ಹಳ್ಳಿಗಾಡಿನ ನಕ್ಷೆ, ನೂರ ಎಪ್ಪತ್ತು ವರ್ಷ ಹಳೆಯದು. ಅಂಚಿನ ತುಂಬ ದ್ರಾಕ್ಷಿ ಬಳ್ಳಿ, ಹಸು, ಕುರಿ ಕಾಯುವ ಹೆಂಗಸು. ಈಗ ಅವಳ ಹಿಂದಿನ ಬೆಟ್ಟದ ಮೇಲೆ ಕಾಸಿನಗಲ ಕೆಂಪು ಕಲೆ.

"ಹಳೇ ಇಂಕಿನ ಕಲೆ ಅಂತ ಹೇಳ್ಬಿಡಕ್ಕ, ಅವರಿಗೇನ್ ಗೊತ್ತಾಗತ್ತೆ" ಅಂತ ಹಿಂದಿನ ಸಲ ಫೋನಿನಲ್ಲಿ ಅಂದೆಯಲ್ಲ, ನನಗೆ ಮೈ ಉರಿಯಿತು. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟ್ ಬರೆದವಳು ನಾನು. ಇದ್ದದ್ದನ್ನು ಇಲ್ಲವೆಂದು ಒಂದು ದಿನವೂ ಬರೆದಿಲ್ಲ. ನಿನ್ನೆ ಡಲ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋಗಿ, ನೀನು ಹುಡುಕಿಕೊಟ್ಟ ಆ ಗಿರಾಕಿ ಹೆಂಗಸಿನ ಮುಂದೆ ನಕ್ಷೆ ಹರಡಿ, ಇದು ಕುಂಕುಮ, ಮೊನ್ನೆ ಹಬ್ಬದಲ್ಲಿ ನಮ್ಮ ಮನೆಯಲ್ಲೇ ಬಿದ್ದದ್ದು ಎಂದೆ. ಆಕೆ ಬೇಡ ಎಂದರು. ಬೇಡವಾದರೆ ಬಿಡಲಿ.

ಹಳೇ ನಕ್ಷೆಗಳ ಅಂಗಡಿ ಮುಚ್ಚಿ ಹಾಯಾಗಿರು ಅಂತೀಯ. ಇರಲ್ಲ ಕಣೇ, ಏನು ಮಾಡ್ತೀಯ? ಮನೆಯ ಮುಂದಿನ ಕೋಣೆಯೇ ಆಗಲಿ, ಅದು ನನ್ನ ಅಂಗಡಿ. ಈ ನಕ್ಷೆಗಳನ್ನು ಓದಬೇಕೆಂದೇ ಅರವತ್ತು ದಾಟಿದ ಮೇಲೆ ಫ್ರೆಂಚ್ ಕಲಿತೆ. ಓವೆರ್ನ್‌ಗೆ ಕಟ್ಟು ಹಾಕಿಸಿ, ಕುಂಕುಮದ ಸಮೇತ ಬಾಗಿಲಿನ ಎದುರಿಗೇ ತೂಗುಹಾಕುತ್ತೇನೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಿನ್ನ ಮಂಡಿ ನೋವು ಬೇಗ ಇಳಿಯಲಿ. ಅನನ್ಯಾಳಿಗೆ ಈ ದೊಡ್ಡಮ್ಮನ ಮುತ್ತು ಕೊಡು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ,
ಪ್ರಿಯಂವದಾ

ಮರೆತದ್ದಲ್ಲ, ಮೇಲೆ ಬರೆಯಲು ಆಗದೆ ಬಿಟ್ಟದ್ದು: ಈ ಆರು ವರ್ಷ ಇವರು ನನ್ನ ನಕ್ಷೆಗಳನ್ನು ರದ್ದಿ ಎಂದೇ ಕರೆದರು. ಯಾವ ಆಯುಧಪೂಜೆಯಲ್ಲೂ ಅವಕ್ಕೆ ಒಂದು ಹೂವು ಇಟ್ಟವರಲ್ಲ. ಈ ಸಲ ತಾವಾಗಿಯೇ ಬಟ್ಟಲು ಹಿಡಿದು ಬಂದು, "ಇದೂ ನಿನ್ನ ಕಸುಬೇ ಅಲ್ವೇನೇ" ಎನ್ನುತ್ತಾ ಇಟ್ಟರು. ನಾನು ಹಬ್ಬಕ್ಕೆ ಬಂದವರೆಲ್ಲರ ಎದುರಿಗೆ "ಬುದ್ಧಿ ಇದೆಯೇನ್ರೀ ನಿಮಗೆ" ಎಂದು ಕೂಗಿ ಅವರ ಕೈ ತಳ್ಳಿದೆ. ಅಂದಿನಿಂದ ಅವರು ನನ್ನ ಅಂಗಡಿಯ ಕೋಣೆಗೆ ಕಾಲಿಟ್ಟಿಲ್ಲ. ತಪ್ಪಾಯಿತು ಅನ್ನಲು ನನಗಿನ್ನೂ ಬಾಯಿ ಬಂದಿಲ್ಲ, ಕುಮುದಾ.