ಇಲ್ಲಿನ ನೀರಿಗೆ ಯಾವ ಭಾಷೆಯಲ್ಲಿ ನಮಸ್ಕಾರ?

ಶಾಖಾ ಗ್ರಂಥಾಲಯದ ಮುಖ್ಯಸ್ಥರಲ್ಲಿ,

ಮಾನ್ಯರೇ, ನನ್ನ ಮಗಳು ಸಾನ್ವಿ ಒಂದು ಭಾಷೆಯನ್ನು ಹುಡುಕಿಕೊಂಡು ನಿಮ್ಮಲ್ಲಿಗೆ ಬಂದಳು. ನಿಮ್ಮವರು ಕಾಂಗರೂ ಚಿತ್ರಗಳ ಪುಸ್ತಕ ಕೊಟ್ಟು ಸಾಗಹಾಕಿದರು. ಇದು ನನ್ನ ದೂರು.

ತೈಲ ಕಂಪನಿಯ ಕೆಲಸದಿಂದಾಗಿ ನಾವು ಆಸ್ಟ್ರೇಲಿಯಾದ ಪರ್ತ್‌ನಿಂದ ಹ್ಯೂಸ್ಟನ್ ಪಕ್ಕದ ಈ ಮಿಸೌರಿ ಸಿಟಿಗೆ ಶಿಫ್ಟ್ ಆದೆವು. ಪರ್ತ್‌ನ ಶಾಲೆಯಲ್ಲಿ ಸಾನ್ವಿ ನೂಂಗಾರ್ ಕಲಿಯುತ್ತಿದ್ದಳು; ಅದು ಆ ನೆಲದ ಮೂಲನಿವಾಸಿಗಳ ನುಡಿ. ಮನೆಯಲ್ಲಿ ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಹುಡುಗಿ, ನದಿಗೆ ಹೋದಾಗ ಮಾತ್ರ ಹಿಡಿ ಮರಳು ನೀರಿಗೆ ಹಾಕಿ, 'ಕಾಯಾ' ಎಂದು ನಮಸ್ಕಾರ ಹೇಳಿಯೇ ಕಾಲಿಡುತ್ತಿದ್ದಳು. ಬಂದವರು ಯಾರೆಂದು ನೀರಿಗೆ ತಿಳಿಸುವುದು ಅಲ್ಲಿನವರ ಪದ್ಧತಿ. ಧಾರವಾಡದಿಂದ ಬಂದಿದ್ದ ನಮ್ಮವ್ವ ಕಾಶವ್ವನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. "ಹೊಳಿಗೆ ಹೇಳದ ಇಳೀತಾರೇನು?" ಎಂದು ತಾನೂ ಮರಳು ಹಿಡಿದಳು.

ಇಲ್ಲಿ ಮನೆಯ ಹಿಂದೆ ಕೆರೆಯಿದೆ. ಸಾನ್ವಿ ಮರಳು ಹಿಡಿದವಳು ಹಾಕಲಿಲ್ಲ. ಈ ನೀರಿಗೆ ನೂಂಗಾರ್ ತಿಳಿಯುತ್ತದೆಯೇ ಎಂದು ಕೇಳಿದಳು. ನನಗೇನು ಗೊತ್ತು, ಮಾನ್ಯರೇ? ಪರ್ತ್‌ನ ಟೀಚರಿಗೆ ಮೇಲ್ ಮಾಡಿದೆವು. ಹೋದ ನೆಲದಲ್ಲಿ ಆ ನೆಲದವರ ಮಾತಿನಲ್ಲೇ ಹೇಳಬೇಕು, ಮೊದಲು ಅವರನ್ನು ವಿಚಾರಿಸು ಎಂದು ಉತ್ತರ ಬಂತು. ಆದ್ದರಿಂದಲೇ ನಿಮ್ಮ ಬಾಗಿಲು ತಟ್ಟಿದ್ದು: ನೂಂಗಾರ್ ಮರೆಯದಂತೆ ಒಂದು ಪುಸ್ತಕ, ಇಲ್ಲಿನ ಮೂಲಜನರ ಮಾತು ಕೇಳಲು ಒಂದು ಜಾಗ. ದುರಾಸೆಯೇ ಇರಬೇಕು. ನಿಮ್ಮ ಸಿಬ್ಬಂದಿ ಪರಮ ಸೌಜನ್ಯದಿಂದ ಕಂಪ್ಯೂಟರ್ ನೋಡಿ, ಎರಡೂ ಇಲ್ಲ, ಮಗುವಿನ ಭವಿಷ್ಯಕ್ಕೆ ಫ್ರೆಂಚ್ ಒಳ್ಳೆಯದು ಎಂದರು. ಇಲ್ಲಿನ ಮೂಲಜನರು ಎಲ್ಲಿ ಸಿಗುತ್ತಾರೆಂದು ಕೇಳಿದರೆ, ಅವರೆಲ್ಲ ಈಗಿಲ್ಲವಂತೆ. ಎಷ್ಟು ಸಲೀಸಾಗಿ ಮುಗಿಸಿಬಿಟ್ಟಿರಿ! ಇದ್ದಾರೋ ಇಲ್ಲವೋ ಎಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಆಸ್ಟಿನ್ನಿನ ಗ್ರಂಥಾಲಯಕ್ಕೆ ಡ್ರೈವ್ ಮಾಡಿಕೊಂಡು ಹೋದೆ, ಡಾಲಸ್ಸಿನದಕ್ಕೆ ಫೋನ್ ಮಾಡಿದೆ. ಎರಡೂ ಕಡೆಯವರು ನಿಮ್ಮೂರಿನ ಗ್ರಂಥಾಲಯವನ್ನೇ ಕೇಳಿ ಎಂದರು.

ಕನ್ನಡದ ಚಿಂತೆ ನಿಮಗೆ ಬೇಡ, ಅದಕ್ಕೆ ನಾನಿದ್ದೇನೆ. ಆದರೆ ನೂಂಗಾರ್ ನನಗೆ ಬಾರದು, ಇಲ್ಲಿನ ಮಾತು ನಿಮಗೂ ಬಾರದು. ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ, ಹೇಳಿಕೊಳ್ಳಲು ಸಂಕಟವಾಗುತ್ತದೆ.

ನನ್ನ ಬೇಡಿಕೆ ಇಷ್ಟೇ: ಪುಸ್ತಕ ಬೇಡ, ಈ ನೆಲದ ಮೂಲಜನರಲ್ಲಿ ಒಬ್ಬರನ್ನು ಹುಡುಕಿ ತಿಳಿಸಿ, ನಾವೇ ಹೋಗಿ ಕೇಳುತ್ತೇವೆ. ನಿನ್ನೆ ಸಂಜೆ ನೆರೆಮನೆಯ ಮಕ್ಕಳೆಲ್ಲ ಕೆರೆಗೆ ಕಾಲು ಇಳಿಬಿಟ್ಟು ನಗುತ್ತಿದ್ದರು. ಸಾನ್ವಿ ಶೂ ಕೂಡ ಬಿಚ್ಚಿರಲಿಲ್ಲ. ಇಳಿಯಮ್ಮ ಎಂದೆ.

"ಇನ್ನೂ ಹೇಳಿಲ್ಲಲ್ಲಪ್ಪಾ," ಎಂದಳು. ಅಪರೂಪಕ್ಕೆ ಕನ್ನಡದಲ್ಲೇ.

ಇಂತಿ,
ಮಗಳ ಜೊತೆ ದಡದಲ್ಲೇ ಕುಳಿತಿರುವ
ಶ್ರೀಶೈಲ್, ಮಿಸೌರಿ ಸಿಟಿ