ಮೆಟ್ಟಿಲ ತಿರುವಿನಲ್ಲಿ ಕಳೆದುಕೊಂಡ ಮನೆ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನೀವು ಕೊಟ್ಟ ಒಂದು ಹಾಳೆಯಿಂದಾಗಿ ನನಗೆ ಎಲ್ಲೂ ಬಾಡಿಗೆ ಮನೆ ಸಿಗುತ್ತಿಲ್ಲ. ನೀವೇ ಹೊರಡಿಸಿದ ಇನ್ನೊಂದು ಹಾಳೆಯ ಪ್ರಕಾರ, ಈ ತಿಂಗಳ ಕೊನೆಯೊಳಗೆ ಮನೆ ಸಿಗದಿದ್ದರೆ ನನ್ನ ಕೆಲಸ ಹೋಗುತ್ತದೆ. ಎರಡರ ಕೆಳಗೂ ನಿಮ್ಮದೇ ಸಹಿ. ಖುದ್ದಾಗಿ ಹೇಳೋಣವೆಂದು ನಾಲ್ಕು ಬಾರಿ ನಿಮ್ಮ ಕೋಣೆಯ ಮುಂದೆ ಕುಳಿತೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮೀಟಿಂಗಿನ ನಡುವೆ ಪತ್ರಿಕೆಯನ್ನಾದರೂ ಓದುತ್ತೀರೆಂಬ ಭರವಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿಮ್ಮ ಶವಾಗಾರದ ಸಹಾಯಕ. ಬಂದವರನ್ನು ಇಳಿಸಿಕೊಳ್ಳುವುದು, ತೊಳೆಯುವುದು, ವೈದ್ಯರು ಕೊಯ್ದದ್ದನ್ನು ಹೊಲಿಯುವುದು, ತಲೆ ಬಾಚಿ ಮನೆಯವರಿಗೆ ಒಪ್ಪಿಸುವುದು ಹದಿನಾರು ವರ್ಷಗಳಿಂದ ನನ್ನ ಕೆಲಸ. ಕರೆ ಬಂದ ಅರ್ಧ ಗಂಟೆಯಲ್ಲಿ ಹಾಜರಾಗಬೇಕು, ಅದಕ್ಕಾಗಿ ಆಸ್ಪತ್ರೆಯ ಪಕ್ಕದ ಬಡಾವಣೆಯಲ್ಲೇ ವಾಸಿಸಬೇಕು ಎಂಬುದು ನಿಮ್ಮ ನಿಯಮ. ಇರಲಿ. ನಾವಿದ್ದ ಹಳೆಯ ಕಟ್ಟಡವನ್ನು ಕೆಡವಿದಂದಿನಿಂದ, ಐದು ತಿಂಗಳು, ಆ ಬಡಾವಣೆಯ ಬೀದಿ ಬೀದಿ ಸುತ್ತಿದ್ದೇನೆ. ಮನೆ ಮಾಲೀಕರು ಮೊದಲು ಕೇಳುವುದು ಉದ್ಯೋಗ ಪ್ರಮಾಣಪತ್ರ. ಅದರಲ್ಲಿ ‘ಶವಾಗಾರ ಸಹಾಯಕ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಓದಿದ ಕೂಡಲೇ ಅವರಿಗೆ ಪರದೇಶದಲ್ಲಿರುವ ತಮ್ಮನ ನೆನಪಾಗುತ್ತದೆ; ಅವನು ಬರುತ್ತಿದ್ದಾನಂತೆ, ಮನೆ ಅವನಿಗೇ ಬೇಕಂತೆ. ಒಂದೇ ಬೀದಿಯ ಮೂರು ಮನೆಗಳ ತಮ್ಮಂದಿರು ಒಂದೇ ವಾರ ಬರುವವರಿದ್ದರು. ಐದು ತಿಂಗಳಾಯಿತು, ಒಬ್ಬನೂ ಬಂದದ್ದನ್ನು ಕಾಣೆ.

‘ಆಸ್ಪತ್ರೆಯ ನೌಕರ’ ಎಂದಷ್ಟೇ ಬರೆದುಕೊಡಿ ಎಂದು ನಿಮ್ಮ ಕಚೇರಿಯ ಗುಮಾಸ್ತರಲ್ಲಿ ಗೋಗರೆದೆ. “ಇರೋದನ್ನ ಇದ್ದ ಹಾಗೇ ಬರೀಬೇಕಪ್ಪ, ಸುಳ್ಳು ಬರೆಯೋಕಾಗುತ್ತಾ?” ಎಂದರು. ನಾನು ಆಸ್ಪತ್ರೆಯ ನೌಕರ ಎನ್ನುವುದು ಯಾವಾಗಿನಿಂದ ಸುಳ್ಳಾಯಿತು ಸ್ವಾಮಿ? ಈಗ ಹೆಂಡತಿ, ಮಗಳು ನನ್ನ ಭಾವಮೈದುನನ ಮನೆಯ ಊಟದ ಮೇಜಿನ ಪಕ್ಕದಲ್ಲಿ ಹಾಸಿಕೊಂಡು ಮಲಗುತ್ತಾರೆ. ನಾನು ಶವಾಗಾರದ ಹೊರಕೋಣೆಯ ಬೆಂಚಿನ ಮೇಲೆ. ಒಂಬತ್ತು ವರ್ಷದ ಮಗಳ ಮುಖ ನೋಡುವುದು ಭಾನುವಾರ ಮಾತ್ರ.

ಕಳೆದ ತಿಂಗಳು ಒಂದು ಮನೆ ಸಿಕ್ಕೇಬಿಟ್ಟಿತ್ತು. ಮೂರನೆಯ ಮಹಡಿ, ಎರಡು ಕೋಣೆ, ಬೆಳಕು ಧಾರಾಳ. ಅದರ ಕೆಳಗೆ, ಎರಡನೆಯ ಮಹಡಿಯಲ್ಲಿ ಮನೆಯೊಡತಿ, ನಿವೃತ್ತ ಶಿಕ್ಷಕಿ, ಮತ್ತು ಅವರ ಗಂಡ. ಟೀಚರಮ್ಮನಿಗೆ ನಾವು ಹಿಡಿಸಿದೆವು. ಕಾಗದಪತ್ರ ನಾಳೆ ತಂದರಾಯಿತು ಎಂದರು. ಮಗಳು ಕಿಟಕಿಯ ಬಳಿ ತನ್ನ ಮೇಜು ಇಡುವ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಯೂಬಿಟ್ಟಳು. ಎಲ್ಲರೂ ಕೆಳಗಿಳಿದೆವು. ಟೀಚರಮ್ಮನ ಬಾಗಿಲು ದಾಟಿ ಇನ್ನೂ ಕೆಳಗಿಳಿಯುವಾಗ ಸಿಗುವ ತಿರುವಿನಲ್ಲಿ ನನ್ನ ಕಾಲು ನಿಂತಿತು. ಎಲ್ಲಿ ಮೆಟ್ಟಿಲು ಕಂಡರೂ ನಮ್ಮ ಕೆಲಸದವರ ಕಣ್ಣು ಮೊದಲು ತಿರುವನ್ನು ಅಳೆಯುತ್ತದೆ. ಅಭ್ಯಾಸಬಲ. ಗೋಡೆಗೆ ಗೇಣು ಹಾಕಿ ನೋಡಿ ಹೇಳಿಯೇಬಿಟ್ಟೆ.

“ಇಲ್ಲಿ ಸ್ಟ್ರೆಚರ್ ತಿರುಗಲ್ಲ ಟೀಚರಮ್ಮ. ನಿಲ್ಲಿಸ್ಕೊಂಡೇ ಇಳಿಸ್ಬೇಕಾಗುತ್ತೆ.”

ಹೆಂಡತಿ ನನ್ನ ಅಂಗಿ ಜಗ್ಗಿದಳು. ಟೀಚರಮ್ಮ ನನ್ನನ್ನೇ ನೋಡುತ್ತಾ, ಆಸ್ಪತ್ರೆಯಲ್ಲಿ ನಿಮ್ಮದು ಏನು ಕೆಲಸ ಎಂದು ಕೇಳಿದರು. ಮಗಳು ಪಕ್ಕದಲ್ಲಿದ್ದಳು, ಸುಳ್ಳು ಹೇಳಲಾಗಲಿಲ್ಲ. ಮನೆ ಹೋಯಿತು. ಕೈಗೆ ಬಂದದ್ದನ್ನು ನನ್ನ ಬಾಯಿಯೇ ಕಳೆಯಿತು ಎಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಹದಿನೆಂಟು ದಿನಗಳ ನಂತರ, ಒಂದು ಬೆಳಿಗ್ಗೆ, ಟೀಚರಮ್ಮನ ಫೋನ್. ಗಂಡ ಬಚ್ಚಲಲ್ಲಿ ಕುಸಿದು ತೀರಿಕೊಂಡಿದ್ದರು. ಸ್ಟ್ರೆಚರ್ ತಂದ ಇಬ್ಬರು ಅದೇ ತಿರುವಿನ ಮುಂದೆ ಕೈಚೆಲ್ಲಿ ನಿಂತಿದ್ದರು. “ನೀವು ಹೇಳಿದ್ರಲ್ಲಾ, ಹ್ಯಾಗೆ ಇಳಿಸ್ಬೇಕು ಅಂತ. ಬನ್ನಿ” ಎಂದರು. ಓಡಿದೆ. ಹಿರಿಯರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ನಿಲ್ಲಿಸಿ, ನನ್ನ ಎದೆಗೆ ಕಟ್ಟಿಕೊಂಡು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದೆ. ಒಂದು ಅಂಗೈ ಅವರ ತಲೆಯ ಹಿಂದೆಯೇ ಇತ್ತು. ಗೋಡೆಗೆ ಎಲ್ಲೂ ತಾಗಲಿಲ್ಲ. ಹಠಾತ್ ಸಾವಾದ್ದರಿಂದ ಮರಣೋತ್ತರ ಪರೀಕ್ಷೆಗೆ ನನ್ನ ಮೇಜಿಗೇ ಬಂದರು. ಬೈತಲೆ ಎಡಕ್ಕೆ ಇರಲಿ ಎಂದು ಟೀಚರಮ್ಮ ಹೇಳಿಕಳಿಸಿದ್ದರು. ಎಡಕ್ಕೇ ತೆಗೆದೆ.

ವಾರದ ನಂತರ ಮತ್ತೆ ಹೋಗಿ ಮನೆ ಕೇಳಿದೆ. ನಾಚಿಕೆಗೆಟ್ಟು ಕೇಳಿದೆ, ಒಪ್ಪುತ್ತೇನೆ. ಟೀಚರಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

“ನೀವು ಮಾಡಿದ್ದನ್ನ ಸಾಯೋವರ್ಗೂ ಮರೆಯಲ್ಲ ಕಣಪ್ಪ. ಆದ್ರೆ ದಿನಾ ನೀವು ಈ ಮೆಟ್ಟಿಲು ಹತ್ತಿ ಇಳಿಯೋದನ್ನ ನೋಡೋಕೆ ನನ್ ಕೈಲಾಗಲ್ಲ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಾಗಿಲು ತೆರೆದು, ಮುಖ ನೋಡಿ, ಕಾರಣ ಹೇಳಿದರು. ಸಿಟ್ಟಿರುವುದು ನಿಮ್ಮ ಮೇಲೆ. ಆಸ್ಪತ್ರೆಯ ಹಿಂದೆ ಸಿಬ್ಬಂದಿಗೆಂದು ಕಟ್ಟಿದ ಆರು ಮನೆಗಳಿವೆ. ನಾಲ್ಕರಲ್ಲಿ ಹಳೆಯ ಕಡತಗಳು ಸಂಸಾರ ಹೂಡಿವೆ. ಅವುಗಳಿಗೆ ಮನೆ ಕೊಡುವಾಗ ಯಾವ ಪ್ರಮಾಣಪತ್ರ ನೋಡಿದಿರಿ? ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ಒಂದು ಮನೆಯ ಬೀಗ ತೆಗೆಸಿಕೊಡಿ; ಕಡತ ಹೊರುವುದು, ಗುಡಿಸುವುದು ನನಗಿರಲಿ. ಅದಾಗದಿದ್ದರೆ, ನನಗೆ ಮನೆ ಸಿಗುವವರೆಗೆ ನಿಮ್ಮ ನಿಯಮವನ್ನು ತಡೆಹಿಡಿಯಿರಿ. ಮಗಳು ಮೊನ್ನೆ ಭಾನುವಾರ, ಆ ಸೀಮೆಸುಣ್ಣದ ಗುರುತು ಅಳಿಸಿರುತ್ತಾರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಒಮ್ಮೆ ನಿಮ್ಮ ನಿವಾಸಕ್ಕೆ ಕಡತ ತಲುಪಿಸಲು ಬಂದಿದ್ದೆ. ಅಭ್ಯಾಸಬಲ, ಅಲ್ಲಿಯೂ ಮೆಟ್ಟಿಲು ನೋಡಿದೆ. ಅಗಲವಾಗಿದೆ, ತಿರುವೇ ಇಲ್ಲ. ಆ ದಿನ ಬಹಳ ದೂರವಿರಲಿ. ಬಂದಾಗ ನಿಮ್ಮ ತಲೆಯನ್ನೂ ಅಷ್ಟೇ ಜೋಪಾನವಾಗಿ ಹಿಡಿಯುತ್ತೇನೆ, ಅಷ್ಟರವರೆಗೆ ನನ್ನನ್ನು ಕೆಲಸದಲ್ಲಿ ಉಳಿಸಿದ್ದರೆ.

ಇಂತಿ,
ಹೊರಕೋಣೆಯ ಬೆಂಚಿನ ನಿವಾಸಿ,
ನಿಮ್ಮದೇ ಆಸ್ಪತ್ರೆಯ ನೌಕರ